ಮೂರು ಜೋಡಿಗಳ ಕಾಂಬೊ ಡೆಕ್ ಒಂದೂ ಕೂಡಿಬರುತ್ತಿಲ್ಲ: ಯಾವುದನ್ನು ಉಳಿಸಿಕೊಳ್ಳಲಿ?

ಟಿಳಕವಾಡಿ_ಆಟಗಾರ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಟಿಳಕವಾಡಿಯಲ್ಲಿ ಗೆಳೆಯರೊಬ್ಬರ ಮನೆಯ ಮೇಲಂತಸ್ತಿನಲ್ಲಿ ಪ್ರತಿ ರವಿವಾರ ನಾವು ಆರು ಜನ ಸೇರಿ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಕಾರ್ಡಾಟ ಆಡುತ್ತೇವೆ. ಮಾಡರ್ನ್ ಪದ್ಧತಿಯ ನಿಯಮಗಳನ್ನೇ ಪಾಲಿಸುತ್ತೇವೆ. ಡೆಕ್ಕಿನಲ್ಲಿ (ಆಟಗಾರನ ಸ್ವಂತ ಕಟ್ಟಿನಲ್ಲಿ) ಕನಿಷ್ಠ 60 ಕಾರ್ಡು, ಮೂಲ ಲ್ಯಾಂಡುಗಳನ್ನು (ಮನಾ, ಎಂದರೆ ಉಳಿದ ಕಾರ್ಡುಗಳನ್ನು ಆಡಲು ತೆರಬೇಕಾದ ಶಕ್ತಿ, ಕೊಡುವ ಕಾರ್ಡುಗಳನ್ನು) ಬಿಟ್ಟರೆ ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚಿಲ್ಲ. ಎರಡು ವರ್ಷ ಕೆಂಪು ಬಣ್ಣದ ನೇರ ದಾಳಿಯ ಡೆಕ್ ಆಡಿದ ಮೇಲೆ, ಎರಡು ಕಾರ್ಡುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಆಟವನ್ನೇ ಮುಗಿಸುವಂತಹ ಕಾಂಬೊ ಡೆಕ್ಕೊಂದನ್ನು ನಾನೇ ಕಟ್ಟಬೇಕೆಂಬ ಆಸೆ ಹುಟ್ಟಿ, ಮೂರು ತಿಂಗಳಿಂದ ಅದರ ಬೆನ್ನು ಹತ್ತಿದ್ದೇನೆ.

ಈಗ ನನ್ನ ಡೆಕ್ಕಿನಲ್ಲಿ 68 ಕಾರ್ಡುಗಳಿವೆ. ಅದರಲ್ಲಿ ಮೂರು ಜೋಡಿಗಳು, ಪ್ರತಿಯೊಂದು ಕಾರ್ಡೂ ನಾಲ್ಕು ನಾಲ್ಕು. ಮೊದಲನೆಯದು ಡಿಸೀವರ್ ಎಕ್ಸಾರ್ಕ್ ಮತ್ತು ಸ್ಪ್ಲಿಂಟರ್ ಟ್ವಿನ್. ಎರಡನೆಯದು ಸ್ಯಾಂಗ್ವಿನ್ ಬಾಂಡ್ ಮತ್ತು ಎಕ್ಸ್‌ಕ್ವಿಸಿಟ್ ಬ್ಲಡ್. ಮೂರನೆಯದು ಡಿವೋಟೆಡ್ ಡ್ರೂಯಿಡ್ ಮತ್ತು ವಿಜಿಯರ್ ಆಫ್ ರೆಮಿಡೀಸ್. ಮೂರು ಬಾಗಿಲು ತೆರೆದಿಟ್ಟರೆ ಒಂದರಿಂದಲಾದರೂ ಒಳಗೆ ಹೋಗಬಹುದು ಎಂಬುದು ನನ್ನ ಲೆಕ್ಕವಾಗಿತ್ತು. ಆದರೆ ಕಳೆದ ರವಿವಾರ ಆಡಿದ ಐದು ಆಟಗಳಲ್ಲಿ ಒಂದರಲ್ಲಿ ಮಾತ್ರ ಜೋಡಿ ಕೂಡಿತು. ಕೊನೆಯ ಆಟದಲ್ಲಿ ನನ್ನ ಕೈಯಲ್ಲಿದ್ದದ್ದು ಎರಡು ವಿಜಿಯರ್, ಒಂದು ಎಕ್ಸ್‌ಕ್ವಿಸಿಟ್ ಬ್ಲಡ್, ಎರಡು ಸ್ಪ್ಲಿಂಟರ್ ಟ್ವಿನ್. ಮೇಜಿನ ಮೇಲೆ ಹಸಿರು ಮನಾ ಕೊಡುವ ಒಂದು ಫಾರೆಸ್ಟ್, ಕಪ್ಪು ಮನಾ ಕೊಡುವ ಎರಡು ಸ್ವಾಂಪ್. ಯಾವ ಕಾರ್ಡನ್ನೂ ಆಡಲಾಗದೆ ಐದನೆಯ ಸರದಿಯಲ್ಲಿ ಸೋತೆ.

ಜೋಡಿ ಕೂಡಿದ ಆ ಒಂದು ಆಟದಲ್ಲಿಯೂ ಎದುರಾಳಿ, ನಾನು ಎಕ್ಸಾರ್ಕ್ ಮೇಲೆ ಟ್ವಿನ್ ಹಾಕುತ್ತಿದ್ದಂತೆಯೇ ಒಂದು ಬಿಳಿ ಮನಾ ಕೊಟ್ಟು, ಜೀವಿಯೊಂದನ್ನು ಆಟದಿಂದಲೇ ಹೊರಹಾಕುವ ಪಾಥ್ ಟು ಎಕ್ಸೈಲ್ ಆಡಿದರು. ಎರಡೂ ಕಾರ್ಡುಗಳು ಹೋದವು. ಅದು ಬಿಡಿ, “ಕೂಡಿದ್ದರೂ ನೀನು ಒಂದೊಂದೇ ಟೋಕನ್ (ಜೀವಿಯ ಪ್ರತಿಯಾಗಿ ಇಡುವ ಗುರುತು) ಇಟ್ಟು ನೂರು ಸಲ ಮಾಡಿ ತೋರಿಸಬೇಕಾಗಿತ್ತು” ಎಂದೂ ಹೇಳಿದರು. ಅದು ನಿಯಮವೇ? ಎರಡು ಕಾರ್ಡುಗಳ ಕಾಂಬೊ ಸಹಜವಾಗಿ ಎಷ್ಟು ಆಟಗಳಿಗೊಮ್ಮೆ ಕೂಡಬೇಕು? ಮತ್ತು ಈ ಮೂರರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಗಣಿತದ_ಮೇಷ್ಟ್ರು (ವಿಜಯಪುರ)

ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಪ್ರಾರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಸಿಗುವ ಉತ್ತರದಲ್ಲಿಯೇ ಉಳಿದದ್ದೂ ಅಡಗಿದೆ. ಕಲೆಸಿಟ್ಟ ಕಟ್ಟಿನಿಂದ ಮರಳಿ ಹಾಕದೆ ಕಾರ್ಡು ತೆಗೆಯುವ ಲೆಕ್ಕವನ್ನು ನಾನು ಪಿಯುಸಿ ಮಕ್ಕಳಿಗೆ ಪ್ರತಿ ವರ್ಷ ಇಸ್ಪೀಟು ಎಲೆಗಳಿಂದ ಹೇಳಿಕೊಡುತ್ತೇನೆ. ಇಲ್ಲಿಯೂ ಅದೇ ಲೆಕ್ಕ.

60 ಕಾರ್ಡುಗಳ ಡೆಕ್ಕಿನಲ್ಲಿ ಒಂದು ಕಾರ್ಡು ನಾಲ್ಕು ಪ್ರತಿ ಇದ್ದರೆ, ಮೊದಲ ಏಳು ಕಾರ್ಡುಗಳಲ್ಲಿ ಅದು ಒಂದಾದರೂ ಬರುವ ಸಾಧ್ಯತೆ ಶೇಕಡಾ 40ರಷ್ಟು. ಜೋಡಿಯ ಎರಡೂ ಭಾಗಗಳು ಆ ಏಳರಲ್ಲಿಯೇ ಬರುವ ಸಾಧ್ಯತೆ ಶೇಕಡಾ 14.5 ಮಾತ್ರ. ನೀವು ಎರಡನೆಯವರಾಗಿ ಆಡುತ್ತಿದ್ದರೆ ನಾಲ್ಕನೆಯ ಸರದಿಯ ಹೊತ್ತಿಗೆ ಹನ್ನೊಂದು ಕಾರ್ಡು ಕಂಡಿರುತ್ತೀರಿ. ಆಗ ಈ ಸಾಧ್ಯತೆ ಸುಮಾರು ಶೇಕಡಾ 31ಕ್ಕೆ ಏರುತ್ತದೆ. ಇದೇ ಲೆಕ್ಕವನ್ನು ನಿಮ್ಮ 68 ಕಾರ್ಡುಗಳ ಡೆಕ್ಕಿಗೆ ಹಾಕಿದರೆ ಶೇಕಡಾ 25ಕ್ಕೆ ಇಳಿಯುತ್ತದೆ. ಎಂಟು ಕಾರ್ಡು ಹೆಚ್ಚಿಗೆ ಇಟ್ಟದ್ದಕ್ಕೆ ನೀವು ತೆರುತ್ತಿರುವ ಬೆಲೆ ಇದು. 60ಕ್ಕಿಂತ ಒಂದು ಕಾರ್ಡೂ ಹೆಚ್ಚಿರಬಾರದು ಎಂದು ಅನುಭವಿಗಳು ಹಟ ಹಿಡಿಯುವುದು ಇದಕ್ಕಾಗಿಯೇ.

ಮೂರು ಜೋಡಿಗಳಿದ್ದರೆ ಯಾವುದಾದರೊಂದು ಕೂಡುವ ಸಾಧ್ಯತೆ ಕಾಗದದ ಮೇಲೆ ಹೆಚ್ಚುತ್ತದೆ ನಿಜ. ಆದರೆ ಎಕ್ಸಾರ್ಕಿಗೆ ನೀಲಿ ಬೇಕು, ಟ್ವಿನ್ನಿಗೆ ಎರಡು ಕೆಂಪು ಬೇಕು, ಬಾಂಡಿಗೆ ಎರಡು ಕಪ್ಪು ಬೇಕು, ಡ್ರೂಯಿಡಿಗೆ ಹಸಿರು, ವಿಜಿಯರ್‌ಗೆ ಬಿಳಿ. ಐದೂ ಬಣ್ಣಗಳ ಮನಾ ನಾಲ್ಕನೆಯ ಸರದಿಗೆ ಸಿಗಬೇಕೆಂದರೆ ಕೈಯಲ್ಲಿ ಜೋಡಿ ಇದ್ದೂ ಇಲ್ಲದಂತೆಯೇ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಒಂದು ಜೋಡಿಯ ಅರ್ಧವು ಇನ್ನೊಂದು ಜೋಡಿಯ ಅರ್ಧಕ್ಕೆ ಯಾವ ರೀತಿಯಲ್ಲೂ ನೆರವಾಗುವುದಿಲ್ಲ. ನಿಮ್ಮ ಕೊನೆಯ ಆಟದ ಕೈ ಇದಕ್ಕೆ ತಕ್ಕ ಸಾಕ್ಷಿ.

ಯಾವುದನ್ನು ಉಳಿಸಬೇಕೆಂಬ ವಿಚಾರದಲ್ಲಿ ನನಗೆ ಸಂದೇಹವಿಲ್ಲ. ಬಾಂಡ್ ಮತ್ತು ಬ್ಲಡ್ ಎರಡಕ್ಕೂ ಐದೈದು ಮನಾ ಬೇಕು. ಅಷ್ಟರೊಳಗೆ ಆಟ ಮುಗಿದಿರುತ್ತದೆ. ಡ್ರೂಯಿಡ್ ಮತ್ತು ವಿಜಿಯರ್ ಬೇಗ ಕೂಡುತ್ತವೆ, ಬೇಕಾದಷ್ಟು ಹಸಿರು ಮನಾ ಕೊಡುತ್ತವೆ, ಆದರೆ ಮನಾ ತಾನೇ ಎದುರಾಳಿಯನ್ನು ಸೋಲಿಸುವುದಿಲ್ಲವಾದ್ದರಿಂದ ಆ ಮನಾವನ್ನು ಗೆಲುವಾಗಿಸುವ ಮೂರನೆಯ ಕಾರ್ಡನ್ನು ಹುಡುಕಬೇಕಾಗುತ್ತದೆ. ಎಕ್ಸಾರ್ಕ್ ಮತ್ತು ಟ್ವಿನ್ ಎರಡೇ ಕಾರ್ಡಿನಲ್ಲಿ ಆಟ ಮುಗಿಸುತ್ತವೆ, ಎರಡೇ ಬಣ್ಣ ಸಾಕು. 2011ರಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ಪ್ರೊ ಟೂರ್‌ನಲ್ಲಿ ಸ್ಯಾಮ್ಯುಯೆಲೆ ಎಸ್ಟ್ರಾಟ್ಟಿ ಗೆದ್ದದ್ದು ಟ್ವಿನ್ ಡೆಕ್ಕಿನಿಂದಲೇ. 2016ರ ಜನವರಿಯಲ್ಲಿ ಮಾಡರ್ನ್‌ನಲ್ಲಿ ಈ ಕಾರ್ಡನ್ನು ನಿಷೇಧಿಸಿದ್ದರು. 2024ರ ಡಿಸೆಂಬರ್‌ನಲ್ಲಿ ನಿಷೇಧ ತೆರವಾದ್ದರಿಂದ ನೀವು ನಿಶ್ಚಿಂತೆಯಿಂದ ಆಡಬಹುದು.

ಇನ್ನು ಆ ಶೇಕಡಾ 31ನ್ನು ಏರಿಸುವ ದಾರಿ. ಎಕ್ಸಾರ್ಕ್ ಮಾಡುವ ಕೆಲಸವನ್ನೇ ಪೆಸ್ಟರ್‌ಮೈಟ್ ಕೂಡ ಮಾಡುತ್ತದೆ. ನಾಲ್ಕು ಎಕ್ಸಾರ್ಕ್ ಜೊತೆ ನಾಲ್ಕು ಪೆಸ್ಟರ್‌ಮೈಟ್ ಇಟ್ಟರೆ ಒಂದು ಭಾಗಕ್ಕೆ ಎಂಟು ಕಾರ್ಡುಗಳಾದವು. ಹನ್ನೊಂದು ಕಾರ್ಡುಗಳಲ್ಲಿ ಜೋಡಿ ಕೂಡುವ ಸಾಧ್ಯತೆ ಶೇಕಡಾ 45.5 ಆಗುತ್ತದೆ. ಟ್ವಿನ್ನಿಗೆ ಬದಲಿಯಾಗಿ ನಾಲ್ಕು ಕಿಕಿ-ಜಿಕಿಯನ್ನೂ ಸೇರಿಸಿ ಎಂಟು–ಎಂಟು ಮಾಡಿದರೆ ಶೇಕಡಾ 67. ಇಲ್ಲಿಯೇ ಹಲವರು ಎಡವುತ್ತಾರೆ. ಕಿಕಿ-ಜಿಕಿಗೆ ಐದು ಮನಾ ಬೇಕು, ಅದರಲ್ಲಿ ಮೂರು ಕೆಂಪು; ಎರಡು ಒಟ್ಟಿಗೆ ಕೈಗೆ ಬಂದರೆ ಒಂದು ಸುಮ್ಮನೆ ಕುಳಿತಿರುತ್ತದೆ. ಅದರ ಬದಲು ಟ್ವಿನ್ ನಾಲ್ಕೇ ಇರಲಿ, ಹೆಚ್ಚು ಕಾರ್ಡು ಕಾಣುವ ವ್ಯವಸ್ಥೆ ಮಾಡಿಕೊಳ್ಳಿ. ಸೀರಮ್ ವಿಷನ್ಸ್ ಒಂದೇ ನೀಲಿ ಮನಾಕ್ಕೆ ಒಂದು ಕಾರ್ಡು ಕೊಟ್ಟು, ಮೇಲಿನ ಎರಡನ್ನು ನೋಡಿ ಬೇಡವಾದದ್ದನ್ನು ಅಡಿಗೆ ಹಾಕಲು ಬಿಡುತ್ತದೆ. ಆಪ್ಟ್ ಕೂಡ ಅದೇ ಜಾತಿಯದು. ಇಂತಹ ಎರಡು ಕಾರ್ಡುಗಳಿಂದ ನೀವು ಹನ್ನೊಂದರ ಬದಲು ಹದಿನಾರು ಕಾರ್ಡು ಕಂಡರೆ, ಎಂಟು–ನಾಲ್ಕರ ಜೋಡಿಯೂ ಶೇಕಡಾ 66.7ಕ್ಕೆ ಮುಟ್ಟುತ್ತದೆ. ನಾಲ್ಕು ಭಾರದ ಕಾರ್ಡು ತುಂಬಿಕೊಂಡು ಪಡೆಯುವ ಫಲವನ್ನು ಐದು ಕಾರ್ಡು ಹೆಚ್ಚು ನೋಡುವುದರಿಂದಲೇ ಪಡೆಯುತ್ತೀರಿ ಎಂಬುದನ್ನು ನಾನು ಮೊದಲ ಸಲ ಲೆಕ್ಕ ಹಾಕಿದಾಗ, ತಪ್ಪಾಗಿರಬಹುದೆಂದು ಮತ್ತೊಮ್ಮೆ ಹಾಕಿ ನೋಡಿದ್ದೆ.

ನವನಗರ_ನೇಕಾರ (ಬಾಗಲಕೋಟೆ)

ಮೇಷ್ಟ್ರ ಲೆಕ್ಕಕ್ಕೆ ನಾನು ಸೇರಿಸುವುದೇನೂ ಇಲ್ಲ. ಸಮಯ ಮತ್ತು ನಿಯಮದ ಬಗ್ಗೆ ಬರೆಯುತ್ತೇನೆ. ನಮ್ಮ ಮನೆತನ ಇಳಕಲ್ ಸೀರೆಯ ನೇಕಾರಿಕೆಯದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆಯನ್ನು ತೂರಿಸಿ ಕೂಡಿಸುತ್ತಾರೆ. ಹಾಗೆ ಕೂಡಿಸುತ್ತಿರುವಾಗ ಎಳೆ ಜಾರಿದರೆ ಎರಡೂ ಕಡೆಯದು ಕೆಡುತ್ತದೆ. ಟ್ವಿನ್ ಹಾಕುವ ಕ್ಷಣವೂ ಹಾಗೆಯೇ ಇರುತ್ತದೆ. ಟ್ವಿನ್ ಆರಾ (ಇನ್ನೊಂದು ಕಾರ್ಡಿಗೆ ಅಂಟಿಸುವ) ಕಾರ್ಡಾದ್ದರಿಂದ, ಅದು ನೆಲೆಗೊಳ್ಳುವ ಮುನ್ನ ಅದರ ಗುರಿಯಾದ ಎಕ್ಸಾರ್ಕ್ ಹೋಯಿತೆಂದರೆ ಟ್ವಿನ್ ನೇರವಾಗಿ ಬಳಸಿ ಮುಗಿದ ಕಾರ್ಡುಗಳ ರಾಶಿಯಾದ ಗ್ರೇವ್‌ಯಾರ್ಡಿಗೆ ಹೋಗುತ್ತದೆ. ಎದುರಾಳಿ ಒಂದು ಕಾರ್ಡು ಕೊಟ್ಟು ನಿಮ್ಮ ಎರಡನ್ನು ಕಿತ್ತುಕೊಂಡರು. ಅವರು ಮಾಡಿದ್ದು ನಿಯಮಬದ್ಧವಾಗಿಯೇ ಇದೆ.

ಸರಿಯಾದ ಕ್ರಮ ಹೀಗಿದೆ. ಎಕ್ಸಾರ್ಕಿಗೆ ಫ್ಲ್ಯಾಶ್, ಎಂದರೆ ಎದುರಾಳಿಯ ಸರದಿಯಲ್ಲಿಯೂ ಆಡಬಹುದಾದ ಗುಣ, ಇದೆ. ಮೂರು ಲ್ಯಾಂಡ್ ಆದಾಗ ಅದನ್ನು ನಿಮ್ಮ ಸರದಿಯಲ್ಲಿ ಆಡದೆ, ಎದುರಾಳಿಯ ಸರದಿ ಮುಗಿಯುವ ಹಂತದಲ್ಲಿ ಇಳಿಸಿ. ಅದು ಬಂದೊಡನೆ ಎದುರಾಳಿಯ ಒಂದು ಲ್ಯಾಂಡನ್ನು ಟ್ಯಾಪ್ ಮಾಡಬಹುದು, ಎಂದರೆ ಬಳಸಿಯಾಯಿತೆಂದು ಅಡ್ಡ ತಿರುಗಿಸಬಹುದು. ಆ ಲ್ಯಾಂಡ್ ಅವರ ಮುಂದಿನ ಸರದಿಯವರೆಗೆ ಏಳುವುದಿಲ್ಲವಾದ್ದರಿಂದ, ನೀವು ಟ್ವಿನ್ ಹಾಕುವಾಗ ಅವರ ಕೈ ಅಷ್ಟರಮಟ್ಟಿಗೆ ಕಟ್ಟಿರುತ್ತದೆ. ಅವರು ಅದೇ ಮನಾ ಬಳಸಿ ಆಗಲೇ ಎಕ್ಸಾರ್ಕನ್ನು ತೆಗೆದುಹಾಕಿದರೂ ಹೋದದ್ದು ಒಂದೇ ಕಾರ್ಡು, ಟ್ವಿನ್ ನಿಮ್ಮ ಕೈಯಲ್ಲಿಯೇ ಉಳಿಯಿತು. ಬಂದ ಸರದಿಯಲ್ಲಿಯೇ ಎಕ್ಸಾರ್ಕನ್ನು ಟ್ಯಾಪ್ ಮಾಡುವಂತಿಲ್ಲ ಎಂಬ ಅಡ್ಡಿಯೂ ಈ ಕ್ರಮದಿಂದ ನಿವಾರಣೆಯಾಗುತ್ತದೆ.

ನಿಮ್ಮ ಸರದಿ ಬಂದು ಟ್ವಿನ್ ನೆಲೆಗೊಂಡಿತೆಂದರೆ, ಎಕ್ಸಾರ್ಕನ್ನು ಟ್ಯಾಪ್ ಮಾಡಿದಾಗ ಅದರದೇ ಪ್ರತಿಯೊಂದು ಟೋಕನ್ ಆಗಿ ಬರುತ್ತದೆ. ಆ ಟೋಕನ್ ಬಂದದ್ದಕ್ಕೆ ಮೂಲ ಎಕ್ಸಾರ್ಕ್ ಮತ್ತೆ ಅನ್‌ಟ್ಯಾಪ್ ಆಗುತ್ತದೆ. ಇದನ್ನು ಎಷ್ಟು ಸಲ ಬೇಕಾದರೂ ಮಾಡಬಹುದು. ಟೋಕನ್‌ಗಳಿಗೆ ಹೇಸ್ಟ್ (ಬಂದ ಸರದಿಯಲ್ಲಿಯೇ ದಾಳಿ ಮಾಡುವ ಗುಣ) ಇರುವುದರಿಂದ ಅದೇ ಸರದಿಯಲ್ಲಿ ದಾಳಿ ಮಾಡಬೇಕು, ಸರದಿಯ ಕೊನೆಗೆ ಅವೆಲ್ಲ ಆಟದಿಂದ ಹೊರಹೋಗುತ್ತವೆ.

ನೂರು ಸಲ ಮಾಡಿ ತೋರಿಸಬೇಕೆಂಬುದು ತಪ್ಪು. ಒಂದು ಸುತ್ತನ್ನು ಸ್ಪಷ್ಟವಾಗಿ ತೋರಿಸಿ, “ಇದನ್ನು ಸಾವಿರ ಸಲ ಮಾಡುತ್ತೇನೆ” ಎಂದು ಸಂಖ್ಯೆ ಹೇಳಿದರೆ ಸಾಕು. ಆದರೆ “ಲೆಕ್ಕವಿಲ್ಲದಷ್ಟು” ಎನ್ನುವಂತಿಲ್ಲ, ಸಂಖ್ಯೆಯನ್ನು ಹೇಳಲೇಬೇಕು. ನಡುವೆ ಯಾವುದಾದರೂ ಹಂತದಲ್ಲಿ ತಾನು ಕೈಹಾಕುತ್ತೇನೆಂದು ಎದುರಾಳಿ ಹೇಳಿದರೆ, ಆಟ ಅಲ್ಲಿಗೆ ಬಂದು ನಿಲ್ಲುತ್ತದೆ.

ಕೊನೆಯದಾಗಿ, ಅವಸರ ಬೇಡ. ಟ್ವಿನ್ನಿಗೆ ನಾಲ್ಕು ಮನಾ, ಇನ್‌ಸ್ಟಂಟ್ ಕಾರ್ಡನ್ನು (ಯಾವ ಸರದಿಯಲ್ಲಿಯೂ ಆಡಬಹುದಾದ ಮಂತ್ರವನ್ನು) ತಡೆಯುವ ಡಿಸ್ಪೆಲ್‌ಗೆ ಒಂದು. ಎದುರಾಳಿ ಮನಾ ತೆರೆದಿಟ್ಟುಕೊಂಡು ಕುಳಿತಿದ್ದರೆ ಐದನೆಯ ಲ್ಯಾಂಡಿನವರೆಗೆ ತಡೆದುಕೊಳ್ಳಿ. ಆಗ ಅವರು ಪಾಥ್ ಟು ಎಕ್ಸೈಲ್ ಆಡಿದರೆ ಅದು ಇನ್‌ಸ್ಟಂಟ್ ಆದ್ದರಿಂದ ಡಿಸ್ಪೆಲ್ ಅದನ್ನು ತಡೆಯುತ್ತದೆ.

ಟಿಳಕವಾಡಿ_ಆಟಗಾರ (ಬೆಳಗಾವಿ)

ಮೇಷ್ಟ್ರೇ, ನೇಕಾರಣ್ಣ, ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಮೇಜಿನ ಮೇಲೆ ಎಲ್ಲವನ್ನೂ ಹರಡಿಕೊಂಡು ಡ್ರೂಯಿಡ್, ವಿಜಿಯರ್, ಬಾಂಡ್, ಬ್ಲಡ್ ಎಲ್ಲವನ್ನೂ ತೆಗೆದೆ. ಪೆಸ್ಟರ್‌ಮೈಟ್, ಸೀರಮ್ ವಿಷನ್ಸ್ ಮತ್ತು ಡಿಸ್ಪೆಲ್ ನನ್ನ ಬಳಿ ಇಲ್ಲದ್ದರಿಂದ, ತಂಗಿಯ ರಫ್ ವಹಿಯ ಹಾಳೆ ಕತ್ತರಿಸಿ ಪೆನ್ಸಿಲ್‌ನಲ್ಲಿ ಹೆಸರು ಬರೆದು, ಹಳೆಯ ಇಸ್ಪೀಟು ಎಲೆಯ ಮೇಲೆ ಇಟ್ಟು ಸ್ಲೀವಿಗೆ ತೂರಿಸಿದೆ. ಒಬ್ಬನೇ ಕುಳಿತು ಇಪ್ಪತ್ತು ಸಲ ಕಲೆಸಿ ನಾಲ್ಕನೆಯ ಸರದಿಯವರೆಗೆ ಆಡಿ ನೋಡಿದಾಗ ಹನ್ನೊಂದು ಸಲ ಜೋಡಿ ಕೂಡಿತು. ಆದರೆ ಉಳಿದ ಒಂಬತ್ತು ಸಲ ಏನು ಮಾಡಬೇಕು? ಜೋಡಿ ಬರುವವರೆಗೆ ಕಾಯುತ್ತಾ ಏಟು ತಿನ್ನುವುದೇ?

ಶಹಾಪುರದ_ಅಕ್ಕ (ಬೆಳಗಾವಿ)

ತಮ್ಮಾ, ನಿನ್ನ ಈ ಪ್ರಶ್ನೆಯೇ ಮುಖ್ಯವಾದದ್ದು. ಜೋಡಿ ಕೂಡದ ದಿನವೂ ಡೆಕ್ ಬದುಕಬೇಕು. ನೀನು ಕಾರ್ಡು ತೆಗೆದ ಜಾಗದಲ್ಲಿ ನಾಲ್ಕು ಲೈಟ್ನಿಂಗ್ ಬೋಲ್ಟ್ ಮತ್ತು ನಾಲ್ಕು ರಿಮ್ಯಾಂಡ್ ಹಾಕು. ಬೋಲ್ಟ್ ಒಂದು ಮನಾಕ್ಕೆ ಮೂರು ಏಟು ಕೊಡುತ್ತದೆ. ರಿಮ್ಯಾಂಡ್ ಎದುರಾಳಿಯ ಮಂತ್ರವನ್ನು ಅವರ ಕೈಗೇ ಮರಳಿಸಿ ನಿನಗೊಂದು ಕಾರ್ಡು ಕೊಡುತ್ತದೆ, ಎಂದರೆ ನಿನಗೆ ಬೇಕಾಗಿರುವ ಒಂದು ಸರದಿಯನ್ನೂ, ಹುಡುಕುತ್ತಿರುವ ಕಾರ್ಡಿನತ್ತ ಒಂದು ಹೆಜ್ಜೆಯನ್ನೂ ಒಟ್ಟಿಗೆ ಕೊಡುತ್ತದೆ. ಪೆಸ್ಟರ್‌ಮೈಟ್ ಹಾರುವ ಜೀವಿಯಾದ್ದರಿಂದ ಸರದಿಗೆರಡರಂತೆ ಏಟು ಹಾಕುತ್ತಾ ಹೋಗುತ್ತದೆ. ಎಕ್ಸಾರ್ಕ್ ದಾಳಿಗೆ ಬರುವ ಜೀವಿಯನ್ನು ಟ್ಯಾಪ್ ಮಾಡಿ ನಿಲ್ಲಿಸುತ್ತದೆ. ಅದರ ತಾಳಿಕೆ ನಾಲ್ಕಾದ್ದರಿಂದ ಒಂದು ಬೋಲ್ಟಿಗೆ ಸಾಯುವುದೂ ಇಲ್ಲ.

ಇನ್ನೊಂದು ಮಾತು. ನಿನ್ನ ಬಳಿ ಟ್ವಿನ್ ಇದೆಯೆಂದು ನಿಮ್ಮ ಆರೂ ಜನಕ್ಕೆ ಈಗ ಗೊತ್ತು. ಮೂರು ಲ್ಯಾಂಡ್ ತೆರೆದಿಟ್ಟು ನೀನು ಸುಮ್ಮನೆ ಸರದಿ ಬಿಟ್ಟುಕೊಟ್ಟರೂ ಎದುರಾಳಿ ಹೆದರಿ ಎರಡು ಮನಾ ಕಾಯ್ದಿರಿಸುತ್ತಾರೆ, ತಮ್ಮ ದೊಡ್ಡ ಜೀವಿಯನ್ನು ಆಡದೆ ತಡೆಯುತ್ತಾರೆ. ಕೈಯಲ್ಲಿ ಟ್ವಿನ್ ಇಲ್ಲದಾಗಲೂ ಅದು ನಿನಗೆ ದುಡಿಯುತ್ತಿರುತ್ತದೆ. ಅಂತಹ ಆಟಗಳಲ್ಲಿ ಬೋಲ್ಟ್ ಮತ್ತು ಪೆಸ್ಟರ್‌ಮೈಟ್‌ಗಳಿಂದಲೇ ನಾನು ಎಷ್ಟೋ ಸಲ ಗೆದ್ದಿದ್ದೇನೆ.

ಮೊದಲ ಕೈ ನೋಡುವಾಗ ಮಾತ್ರ ಕಟ್ಟುನಿಟ್ಟಾಗಿರು. ಎರಡು ಟ್ವಿನ್ ಬಂದವೆಂಬ ಸಂತೋಷಕ್ಕೆ ಒಂದೇ ಲ್ಯಾಂಡಿನ ಕೈಯನ್ನು ಇಟ್ಟುಕೊಳ್ಳಬೇಡ. 2019ರಿಂದ ಮೊದಲ ಕೈ ಬದಲಿಸಿಕೊಳ್ಳುವ ಮಲ್ಲಿಗನ್‌ನಲ್ಲಿ ಪ್ರತಿ ಸಲವೂ ಏಳು ಕಾರ್ಡು ತೆಗೆದು, ಆಮೇಲೆ ಎಷ್ಟು ಸಲ ಬದಲಿಸಿದೆಯೋ ಅಷ್ಟು ಕಾರ್ಡನ್ನು ಅಡಿಗೆ ಹಾಕುತ್ತೇವೆ. ಎರಡೇ ಕಾರ್ಡಿನ ಮೇಲೆ ನಿಂತಿರುವ ನಮ್ಮಂತಹ ಡೆಕ್ಕಿಗೆ ಆ ನಿಯಮ ಬಹಳ ಅನುಕೂಲ. ಲ್ಯಾಂಡ್ 23 ಇರಲಿ, ನೀಲಿ ಕೊಡುವವು ಹೆಚ್ಚಿರಲಿ, ಏಕೆಂದರೆ ಮೊದಲ ಸರದಿಗೇ ಸೀರಮ್ ವಿಷನ್ಸ್ ಆಡಬೇಕು.

ಚೀಟಿಗಳನ್ನು ಮನೆಯಾಟಕ್ಕೆ ಇಟ್ಟುಕೋ, ಅಧಿಕೃತ ಪಂದ್ಯಕ್ಕೆ ಅವು ನಡೆಯುವುದಿಲ್ಲ. ಪೆಸ್ಟರ್‌ಮೈಟ್ ನನ್ನ ಬಳಿ ಎರಡು ಹೆಚ್ಚಿಗೆ ಇವೆ. ನಿನ್ನ ಎಕ್ಸ್‌ಕ್ವಿಸಿಟ್ ಬ್ಲಡ್ ಕೊಡುವ ಮನಸ್ಸಿದ್ದರೆ ರವಿವಾರ ಅದಲುಬದಲು ಮಾಡಿಕೊಳ್ಳೋಣ.