‘ಪ್ಯಾಕೇಜ್’ ಎಂಬುದಕ್ಕೆ ‘ಮುಡಿ’ ಸಲ್ಲಬಹುದೇ?

ಮಾನ್ಯರೇ,

ಕಾಸರಗೋಡಿನ ಬದಿಯಡ್ಕ, ಕುಂಬಳೆ ಆಸುಪಾಸಿನ ನಾವು ಕೆಲವರು, ಡೆಬಿಯನ್ ಎಂಬ, ಗಣಕವನ್ನು ನಡೆಸುವ ಮುಕ್ತ ಕಾರ್ಯಾಚರಣಾ ವ್ಯವಸ್ಥೆಗೆ ಖಗೋಳ ತಂತ್ರಾಂಶಗಳನ್ನು ಅಣಿಮಾಡಿ ಕೊಡುವ ಕೆಲಸಕ್ಕೆ ಕನ್ನಡ ಬಲ್ಲ ಎಳೆಯರನ್ನು ಕೂಡಿಸುತ್ತಿದ್ದೇವೆ. 1993ರಲ್ಲಿ ಮೊದಲಾದ ಡೆಬಿಯನ್ನಿನೊಳಗೆ ಇದಕ್ಕೆಂದೇ ‘ಡೆಬಿಯನ್ ಆಸ್ಟ್ರೋ’ ಎಂಬ ತಂಡವಿದೆ. ಕರೆಯೋಲೆಯೊಂದನ್ನು ಅಚ್ಚುಮಾಡಿಸಲು ಹೊರಟಾಗ ಎದುರಾದ ಪದಗಳ ತೊಡಕನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲ ಕರಡಿನಲ್ಲಿ ‘ಖಗೋಳ ಪ್ಯಾಕೇಜ್ ತಯಾರಿಗೆ ಸ್ವಯಂಸೇವಕರು ಬೇಕಾಗಿದ್ದಾರೆ’ ಎಂದು ಬರೆದಿದ್ದೆವು. ಡೆಬಿಯನ್ನಿನಲ್ಲಿ ಪ್ಯಾಕೇಜ್ ಎಂದರೆ ಗಣಕಕ್ಕೆ ಹಾಕಿಕೊಳ್ಳಲು ಸಿದ್ಧವಾಗಿ ಕಟ್ಟಿಟ್ಟ ಕಡತಗಳ ಕಟ್ಟು. ಅದನ್ನು ಓದಿದ ನಿವೃತ್ತ ಅಧ್ಯಾಪಕರೊಬ್ಬರು ಫೋನು ಮಾಡಿ, ತಲೆಗೆ ಎಷ್ಟು ರೂಪಾಯಿ, ಊಟ ಸೇರಿದೆಯೇ ಎಂದು ವಿಚಾರಿಸಿದರು. ತಪ್ಪು ಅವರದಲ್ಲ, ಪತ್ರಿಕೆಯ ಕನ್ನಡದಲ್ಲಿ ಪ್ಯಾಕೇಜ್ ಎಂದರೆ ಒಂದೋ ಯಾತ್ರೆಯದು, ಇಲ್ಲವೇ ಸರಕಾರದ ಪರಿಹಾರದ್ದು. (‘ಸ್ವಯಂಸೇವಕ’ ಎಂದೊಡನೆ ಬ್ರಹ್ಮಕಲಶದ ಊಟದ ಪಂಕ್ತಿಯಲ್ಲಿ ಬ್ಯಾಡ್ಜು ಧರಿಸಿ ಬಡಿಸುವವರೇ ನಮ್ಮಲ್ಲಿ ಕಣ್ಣಿಗೆ ಕಟ್ಟುತ್ತಾರೆ. ಆ ಪದ ಹಾಗೆಯೇ ಇರಲಿ, ಕೆಲಸದ ಬಗೆ ಅದೇ ತಾನೆ.)

ಸುಮ್ಮನೆ ‘ತಂತ್ರಾಂಶ’ ಎಂದರಾಗದೇ ಎಂದು ಕೇಳಬಹುದು. ಆಗದು. ಆಕಾಶವನ್ನು ಗಣಕದ ಪರದೆಯಲ್ಲಿ ತೋರಿಸುವ ಸ್ಟೆಲ್ಲೇರಿಯಂ ಒಂದೇ ತಂತ್ರಾಂಶವಾದರೂ ಡೆಬಿಯನ್ನಿನಲ್ಲಿ ಅದು ಎರಡು ಪ್ಯಾಕೇಜುಗಳಾಗಿ ಬರುತ್ತದೆ: ಓಡುವ ಭಾಗವನ್ನು ಒಂದೊಂದು ಬಗೆಯ ಪ್ರೊಸೆಸರಿಗೂ ಬೇರೆಬೇರೆಯಾಗಿ ಕಂಪೈಲ್ ಮಾಡಬೇಕು (ಯಂತ್ರದ ಭಾಷೆಗೆ ತಿರುಗಿಸಬೇಕು), ನಕ್ಷತ್ರಗಳ ಪಟ್ಟಿ, ಚಿತ್ರ ಮುಂತಾದ ದತ್ತಾಂಶವಾದರೋ ಎಲ್ಲ ಯಂತ್ರಗಳಿಗೂ ಒಂದೇ ಆದುದರಿಂದ ಅದನ್ನು ಪ್ರತ್ಯೇಕವಾಗಿ ಕಟ್ಟಿಡುತ್ತಾರೆ. ಇನ್ನು ‘ಆಸ್ಟ್ರೋ-ಎಜುಕೇಶನ್’ ಎಂಬ ಪ್ಯಾಕೇಜಿನೊಳಗೆ ತಂತ್ರಾಂಶವೇ ಇಲ್ಲ. ಅಂಗಡಿಗೆ ಕೊಡುವ ದಿನಸಿ ಚೀಟಿಯಂತೆ, ಕಲಿಕೆಗೆ ಬೇಕಾದ ಬೇರೆ ಪ್ಯಾಕೇಜುಗಳ ಹೆಸರಷ್ಟೇ ಅದರಲ್ಲಿದೆ. ಆದುದರಿಂದ ನಮಗೆ ಬೇಕಾದುದು ಒಳಗಿನ ವಸ್ತುವಿನ ಹೆಸರಲ್ಲ, ಕಟ್ಟಿದ ಕಟ್ಟಿನ ಹೆಸರು.

‘ಪೊಟ್ಟಣ’ ಎಂದರೆ ಕಡಲೆ ಕಟ್ಟಿಕೊಟ್ಟ ಕಾಗದ ನೆನಪಾಗುತ್ತದೆ. ‘ಕಂತೆ’ಯು ಸುಳ್ಳಿನ ಕಂತೆಯಾಗಿ ಕೆಟ್ಟುಹೋಗಿದೆ. ‘ಮೂಟೆ’ಗೆ ಅಳತೆಯಿಲ್ಲ, ಎಷ್ಟು ತುಂಬಿದರೂ ಮೂಟೆಯೇ.

ನನ್ನ ಮನಸ್ಸು ವಾಲಿರುವುದು ‘ಮುಡಿ’ಯ ಕಡೆಗೆ. ಘಟ್ಟದ ಮೇಲಿನವರಿಗಾಗಿ ಹೇಳುವುದಾದರೆ, ಅಕ್ಕಿಮುಡಿ ಎಂಬುದು ಬೈಹುಲ್ಲಿನಿಂದ ಕಟ್ಟಿದ ಅಕ್ಕಿಯ ಕಟ್ಟು. ನನ್ನ ಅಜ್ಜ ಅಂಗಳದಲ್ಲಿ ಹುಲ್ಲನ್ನು ಹರಡಿ, ಅಕ್ಕಿಯನ್ನು ಸುರಿದು, ಹುಲ್ಲುಹಗ್ಗದಿಂದ ಸುತ್ತಿ ಸುತ್ತಿ ಬಿಗಿಯುತ್ತ, ನಡುನಡುವೆ ಮರದ ಕೊಡತಿಯಿಂದ ಬಡಿಯುತ್ತ, ಕೊನೆಗೆ ಒಂದು ಕಾಳೂ ಹೊರಬೀಳದಂತೆ ಗುಂಡಗೆ ಮಾಡಿ ಉರುಳಿಸಿಬಿಡುತ್ತಿದ್ದರು. ಅಕ್ಕಿ ಹುಳ ಹಿಡಿಯದೆ ಬಹುಕಾಲ ಉಳಿಯುತ್ತಿತ್ತು. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಗೇಣಿಯ ಲೆಕ್ಕವೂ ಮುಡಿಯಲ್ಲೇ ನಡೆಯುತ್ತಿತ್ತು. ಯಾರ ಮನೆಯಲ್ಲಿ ಕಟ್ಟಿದರೂ ಕಟ್ಟುವ ಕ್ರಮ ಒಂದೇ ಆಗಿರುವುದರಿಂದ ಪಡೆದವನು ನಂಬಿ ಬಿಚ್ಚಬಹುದು ಎಂಬ ಈ ಗುಣವೇ ಡೆಬಿಯನ್ನಿನ ಪ್ಯಾಕೇಜಿಗೂ ಜೀವಾಳವೆಂದು ನನಗೆ ತೋರುತ್ತದೆ. ‘ಮುಡಿ ಕಟ್ಟುವುದು’ ಎಂಬ ಕ್ರಿಯೆಯೂ ಸಿದ್ಧವಾಗಿಯೇ ದೊರೆಯುತ್ತದೆ.

ಆಕ್ಷೇಪಗಳೂ ಇವೆ. ಉಳಿದ ಕನ್ನಡನಾಡಿನಲ್ಲಿ ಮುಡಿ ಎಂದರೆ ತಲೆಗೂದಲು, ಹೂ ಮುಡಿಯುವ ಮುಡಿ, ದೇವರಿಗೆ ಕೊಡುವ ಮುಡಿ. ನಮ್ಮ ತಂಡದ ಮಲಯಾಳಿ ಗೆಳೆಯನಿಗೂ ಅದು ಕೂದಲೇ. ‘ಸ್ಟೆಲ್ಲೇರಿಯಂ ಮುಡಿ’ ಎಂದಾಗ ಅವನು ಧೂಮಕೇತುವಿನ ಜುಟ್ಟೇ ಎಂದು ನಕ್ಕ. ಸಂದರ್ಭವೇ ಅರ್ಥವನ್ನು ತಿದ್ದಿಕೊಳ್ಳುತ್ತದೆ ಎಂಬುದು ನನ್ನ ವಾದ, ಆದರೆ ಅದು ಈ ನೆಲದವನ ಮಮಕಾರವೂ ಇದ್ದೀತು.

ಜೊತೆಗೆ ಇನ್ನೆರಡು ಪದಗಳು ಬೇಕಾಗಿವೆ. ಪ್ರತಿ ಪ್ಯಾಕೇಜಿನ ವಿವರದಲ್ಲಿ ‘ಮೇಂಟೇನರ್’ (ಅದನ್ನು ನೋಡಿಕೊಳ್ಳುವ ಹೊಣೆ ಹೊತ್ತವರು) ಯಾರೆಂದು ನಮೂದಿಸುವ ಸಾಲಿದೆ. ತಂಡವಾಗಿ ದುಡಿಯುವಲ್ಲಿ ಆ ಸಾಲಿಗೆ ತಂಡದ ಹೆಸರು ಬಂದು, ನಿಜವಾಗಿ ಕೈಹಚ್ಚಿದವರ ಹೆಸರು ‘ಅಪ್‌ಲೋಡರ್ಸ್’ ಎಂಬ ಸಾಲಿಗೆ ಹೋಗುತ್ತದೆ. ಮೊದಲನೆಯದಕ್ಕೆ ‘ನಿರ್ವಾಹಕ’ ಎನ್ನೋಣವೆಂದರೆ ಕರ್ನಾಟಕದ ಬಸ್ಸಿನಲ್ಲಿ ಟಿಕೇಟು ಹರಿಯುವವರು ಆ ಹೆಸರನ್ನು ಆಗಲೇ ಪಡೆದಿದ್ದಾರೆ. ಮೊದಲನೆಯದಕ್ಕೆ ‘ಉಸ್ತುವಾರಿ’, ಎರಡನೆಯದಕ್ಕೆ ‘ಮುಡಿಗಾರ’ ಎಂಬ ಜೋಡಿ ನನಗೆ ಹೊಳೆದಿದೆ. ‘ಮುಡಿಗಾರ’ ಹೆಂಗಸರಿಗೂ ಸಲ್ಲುವಂತೆ ಕೇಳಿಸುವುದಿಲ್ಲ ಎಂದು ತಂಡದ ಹುಡುಗಿಯೊಬ್ಬಳು ತಕರಾರು ತೆಗೆದಿದ್ದಾಳೆ.

ಧಾರವಾಡ, ಕಲಬುರಗಿ, ಮೈಸೂರು ಕಡೆಯ ಓದುಗರಿಗೆ ‘ಮುಡಿ’ ಟಿಪ್ಪಣಿಯಿಲ್ಲದೆ ಹಿಡಿಸೀತೇ, ಅಥವಾ ಅಲ್ಲಿ ಅಳತೆಯನ್ನೂ ಕಟ್ಟನ್ನೂ ಒಟ್ಟಿಗೆ ಸೂಚಿಸುವ ಬೇರೆ ಬಳಕೆಮಾತು ಇದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ. ಕರೆಯೋಲೆ ಸದ್ಯಕ್ಕೆ ಅಚ್ಚಿಗೆ ಹೋಗದೆ ನನ್ನ ಮೇಜಿನ ಮೇಲಿದೆ.