ರಕ್ತ ಕುಡಿಯದ ಜಿಗಣೆಯಲ್ಲಿ ಹಿರುಡಿನ್ ಜೀನ್: ಸತ್ತಿದೆಯೋ, ಬದುಕಿದೆಯೋ?

ಕೆಸರುನೀರು
ವಿಟ್ಮೇನಿಯಾ ಪಿಗ್ರಾ ಅನ್ನೋ ಜಿಗಣೆ ರಕ್ತ ಕುಡಿಯಲ್ಲ, ಬಸವನಹುಳು ತಿಂದು ಬದುಕುತ್ತೆ. ಆದರೂ ಅದರಲ್ಲಿ ಹಿರುಡಿನ್ ಹೋಲುವ ಜೀನ್‌ಗಳಿವೆ. (ರಕ್ತ ಹೆಪ್ಪುಗಟ್ಟಿಸುವ ಕಿಣ್ವ ಥ್ರಾಂಬಿನ್. ಅದನ್ನು ತಡೆಯಲು ರಕ್ತ ಹೀರುವ ಜಿಗಣೆ ಬಿಡುವ ಪ್ರೊಟೀನೇ ಹಿರುಡಿನ್.) ಅಂಥದ್ದೊಂದನ್ನು ಎನ್-ತುದಿಗೆ (ಪ್ರೊಟೀನ್ ಸರಪಳಿಯ ಆರಂಭಕ್ಕೆ) ಶುದ್ಧೀಕರಣಕ್ಕೆ ಬೇಕಾದ ಹಿಸ್ಟಿಡಿನ್ ಟ್ಯಾಗ್ ಕಟ್ಟಿ ಈ. ಕೋಲಿ ಬ್ಯಾಕ್ಟೀರಿಯಾದಲ್ಲಿ ಮಾಡಿಸಿದರೆ ಥ್ರಾಂಬಿನ್ ಟೈಮ್ (ಥ್ರಾಂಬಿನ್ ಹಾಕಿದ ಮೇಲೆ ಪ್ಲಾಸ್ಮಾ ಹೆಪ್ಪುಗಟ್ಟಲು ಹಿಡಿಯುವ ಸಮಯ) ಸ್ವಲ್ಪವೂ ಹೆಚ್ಚುತ್ತಿಲ್ಲ. ಪ್ರೊಟೀನಿನ ಆಕಾರ ಹಿಡಿದಿಡುವ ಆರೂ ಸಿಸ್ಟೀನ್ ತಮ್ಮ ಜಾಗದಲ್ಲೇ ಇವೆ. ರಕ್ತಾಹಾರ ಬಿಟ್ಟ ಮೇಲೆ ಜೀನ್ ಕೆಲಸ ಕಳೆದುಕೊಂಡಿದೆ ಅನ್ನಬಹುದಾ?

ಮೂರುದವಡೆ
ಈಗಲೇ ಅನ್ನಬೇಡಿ. ಮೊದಲ ಅನುಮಾನ ಆ ಟ್ಯಾಗ್ ಮೇಲೆ. ಹಿರುಡಿನ್‌ನ 65 ಅಮೈನೋ ಆಮ್ಲಗಳಲ್ಲಿ ಮೊದಲ ಮೂರು ನೇರವಾಗಿ ಥ್ರಾಂಬಿನ್‌ನ ಸಕ್ರಿಯ ತಾಣದೊಳಗೆ ಹೋಗಿ ಕೂರುತ್ತವೆ. ಆಮ್ಲೀಯ ಬಾಲ ಥ್ರಾಂಬಿನ್‌ನ ಮೇಲ್ಮೈಯಲ್ಲಿರುವ ಎಕ್ಸೋಸೈಟ್ 1 ಎಂಬ ಇನ್ನೊಂದು ತಾಣಕ್ಕೆ ಅಂಟುತ್ತದೆ. ಎನ್-ತುದಿಯ ಮುಂದೆ ಒಂದೆರಡು ಹೆಚ್ಚುವರಿ ಅಮೈನೋ ಆಮ್ಲ ಉಳಿದರೂ ಹಿಡಿತ ಬಹಳ ಕುಸಿಯುತ್ತದೆ, ಸಿಗ್ನಲ್ ಪೆಪ್ಟೈಡ್ (ಪ್ರೊಟೀನನ್ನು ಸ್ರವಿಸಲು ಕಳಿಸುವ ಆರಂಭದ ತುಣುಕು) ಉಳಿದರೂ ಅದೇ ಗತಿ. ಟ್ಯಾಗ್ ಬೇಕೇಬೇಕೆಂದರೆ ಅದಕ್ಕೂ ಹಿರುಡಿನ್‌ಗೂ ನಡುವೆ ಎಂಟರೋಕೈನೇಸ್ ಎಂಬ ಪ್ರೊಟೀನ್ ಕತ್ತರಿಸುವ ಕಿಣ್ವದ ಸೀಳುತಾಣ ಇಡಿ. ಆ ಕಿಣ್ವ ತನ್ನ ಗುರುತಿನ ಸರಣಿ ಮುಗಿದಲ್ಲೇ ಕತ್ತರಿಸುವುದರಿಂದ ಹಿಂದೆ ಏನೂ ಉಳಿಯುವುದಿಲ್ಲ.

ಎರಡನೆಯ ಅನುಮಾನ ಮಡಿಕೆ, ಅಂದರೆ ಪ್ರೊಟೀನ್ ಸರಿಯಾದ ಆಕಾರಕ್ಕೆ ಮಡಚಿಕೊಳ್ಳುವುದು. ಈ. ಕೋಲಿಯ ಸೈಟೋಪ್ಲಾಸಂನಲ್ಲಿ ಸಿಸ್ಟೀನ್‌ಗಳ ನಡುವಿನ ಮೂರು ಡೈಸಲ್ಫೈಡ್ ಸೇತುವೆಗಳು ಸರಿಯಾಗಿ ಕೂಡುವುದು ಕಷ್ಟ. ಅದರ ಎರಡು ಪೊರೆಗಳ ನಡುವಿನ ಪೆರಿಪ್ಲಾಸಂಗೆ ಕಳಿಸಿ, ಇಲ್ಲವೇ ಯೀಸ್ಟ್‌ನಿಂದ ಸ್ರವಿಸುವಂತೆ ಮಾಡಿ. 63ನೇ ಟೈರೋಸಿನ್‌ಗೆ ಸಲ್ಫೇಟ್ ಇಲ್ಲದಿರುವುದನ್ನು ದೂರಬೇಡಿ: ಅದರಿಂದ ಬಿಗಿತ ಸುಮಾರು ಹತ್ತು ಪಟ್ಟು ತಗ್ಗುತ್ತದೆ ಅಷ್ಟೇ. ಔಷಧಿಯಾಗಿ ಬಳಕೆಯಲ್ಲಿದ್ದ ಲೆಪಿರುಡಿನ್‌ನಲ್ಲೂ ಅದಿರಲಿಲ್ಲ.

ಗಡ್ಡೆಗಟ್ಟದ್ದು
ಪರೀಕ್ಷೆಯನ್ನೂ ನೋಡಿಕೊಳ್ಳಿ. ಪ್ಲಾಸ್ಮಾ ಸಿಟ್ರೇಟ್ ಟ್ಯೂಬಿನದ್ದೇ ಇರಲಿ, ಹೆಪಾರಿನ್ ಟ್ಯೂಬಿನದ್ದು ಬೇಡ. ಹೆಪಾರಿನ್ ತಾನೇ ಥ್ರಾಂಬಿನ್ ಟೈಮ್ ಎಳೆಯುತ್ತದೆ. ಹಿರುಡಿನ್ ಒಂದಕ್ಕೊಂದರಂತೆ ಬಿಗಿಯಾಗಿ ಕಟ್ಟಿಕೊಳ್ಳುವುದರಿಂದ ಥ್ರಾಂಬಿನ್ ಹೆಚ್ಚು ಹಾಕಿದರೆ ಸ್ವಲ್ಪ ಪ್ರತಿರೋಧ ಕಾಣದೇ ಹೋಗುತ್ತದೆ. ಥ್ರಾಂಬಿನ್ ತಗ್ಗಿಸಿ, ಪಕ್ಕದಲ್ಲಿ ಥ್ರಾಂಬಿನ್ ತಡೆಯುವುದು ಗೊತ್ತಿರುವ ಬೈವಲಿರುಡಿನ್ ಔಷಧಿಯ ಕಂಟ್ರೋಲ್ ಇಡಿ. ಥ್ರಾಂಬಿನ್ ಕತ್ತರಿಸಿದಾಗ ಬಣ್ಣ ಬಿಡುವ ಎಸ್-2238 ಸೇರಿಸಿ 405 ನ್ಯಾನೋಮೀಟರ್‌ನಲ್ಲಿ ಓದಿದರೆ ಫೈಬ್ರಿನೋಜನ್ (ಹೆಪ್ಪಿನ ಎಳೆಗಳಾಗುವ ಪ್ರೊಟೀನ್) ಗೊಡವೆಯೇ ಇಲ್ಲ.

ಇಡೀ ಲಾಲಾರಸ ಪರೀಕ್ಷಿಸುವವರಿಗೆ ಇದು ಇನ್ನೂ ಮುಖ್ಯ. ಹೆಮೆಂಟೇರಿಯಾ ಗಿಲಿಯಾನಿ ಜಿಗಣೆಯ ಹೆಮೆಂಟಿನ್ ಎಂಬ ಕಿಣ್ವ ಫೈಬ್ರಿನೋಜನ್ನನ್ನೇ ತುಂಡರಿಸುತ್ತದೆ, ಹೆಪ್ಪುಗಟ್ಟುವ ಪರೀಕ್ಷೆಯಲ್ಲಿ ಅದೂ ಥ್ರಾಂಬಿನ್ ತಡೆದಂತೆಯೇ ಕಾಣುತ್ತದೆ. ಹೆಪ್ಪುಗಟ್ಟುವ ಸರಣಿಯಲ್ಲಿ ಥ್ರಾಂಬಿನ್‌ಗಿಂತ ಮೊದಲಿನ ಹಂತದ ಫ್ಯಾಕ್ಟರ್ 10ಎ ತಡೆಯುವ ಆಂಟಿಸ್ಟಾಸಿನ್ ಎಂಬ ಜಿಗಣೆ ಪ್ರೊಟೀನ್ ಮಾತ್ರ ಥ್ರಾಂಬಿನ್ ಟೈಮ್‌ನಲ್ಲಿ ಸುಳಿವೇ ಕೊಡುವುದಿಲ್ಲ.

ಇಂಬಳಪ್ರಿಯ
ವಿಕಾಸದ ಕಡೆಯಿಂದ ಒಂದು ಮಾತು. ಜೀನ್ ಇದ್ದಾಕ್ಷಣ ಪೂರ್ವಜ ರಕ್ತ ಕುಡಿಯುತ್ತಿತ್ತು ಅನ್ನಲಾಗದು. ರಕ್ತ ಕುಡಿಯದ ಹೆಲೊಬ್ಡೆಲ್ಲಾ ಜಿಗಣೆಯಲ್ಲಿ ಆಂಟಿಸ್ಟಾಸಿನ್ ಜೀನ್‌ಗಳಿವೆ, ಜಿಗಣೆಯೇ ಅಲ್ಲದ ಪುಟ್ಟ ಜಲಜೀವಿ ಹೈಡ್ರಾದಲ್ಲೂ ಆ ಮಾದರಿಯ ಪ್ರೊಟೀನ್ ಸಿಕ್ಕಿದೆ. ಪ್ರೋಟಿಯೇಸ್‌ಗಳನ್ನು (ಪ್ರೊಟೀನ್ ಕತ್ತರಿಸುವ ಕಿಣ್ವಗಳನ್ನು) ತಡೆಯುವ ಹಳೆಯ ಪ್ರೊಟೀನ್ ಅಚ್ಚುಗಳು ಮೊದಲೇ ಇದ್ದವು, ರಕ್ತ ಹೀರುವವು ಅವನ್ನು ಬೇರೆ ಕೆಲಸಕ್ಕೆ ಹಚ್ಚಿದವು ಅನ್ನುವುದೇ ನನಗೆ ಹೆಚ್ಚು ಒಪ್ಪುವ ವಿವರಣೆ. ಹಿರುಡಿನ್ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ; ವಿಟ್ಮೇನಿಯಾ ರಕ್ತ ಹೀರುವ ಹಿರುಡೋ ಜಿಗಣೆಗೆ ಹತ್ತಿರದ ನಂಟಿನದ್ದು, ಅದರ ಪೂರ್ವಜರು ರಕ್ತ ಬಿಟ್ಟವರೇ ಇರಬಹುದು.

ಸರಣಿಗಳನ್ನು ಸಾಲುಹಚ್ಚಿ ಹೋಲಿಸುವಾಗ (ಅಲೈನ್‌ಮೆಂಟ್) ನೆಲಜಿಗಣೆ ಹೆಮಾಡಿಪ್ಸಾದ ಥ್ರಾಂಬಿನ್ ತಡೆಯುವ ಪ್ರೊಟೀನ್ ಹೆಮಾಡಿನ್ ಸೇರಿಸಿ. 57 ಅಮೈನೋ ಆಮ್ಲಗಳ ಅದೂ ಮೂತಿಯನ್ನು ಸಕ್ರಿಯ ತಾಣಕ್ಕೇ ತೂರಿಸುತ್ತದೆ, ಆದರೆ ಬಾಲ ಹಿಡಿಯುವುದು ಥ್ರಾಂಬಿನ್‌ನ ಬೇರೊಂದು ತಾಣವಾದ ಎಕ್ಸೋಸೈಟ್ 2ನ್ನು. ಹಾಗಾಗಿ ನಿಮ್ಮ ಸರಣಿಯ ಬಾಲ ಹಿರುಡಿನ್‌ನಂತಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಕೈಬಿಡಬೇಡಿ.