ಎರಡು ಮಕ್ಕಳು, ಅತ್ತೆಯವರು, ಒಂದು ಮುಧೋಳ ನಾಯಿ: ಯಾವ ಎಲೆಕ್ಟ್ರಿಕ್ ಕಾರು?

ಪ್ರಶ್ನೆ: ನಮಸ್ಕಾರ ಸರ್. ನಾವು ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ವಾಸವಾಗಿದ್ದೇವೆ. ಮನೆಯಲ್ಲಿ ನಾನು, ನನ್ನ ಪತಿ, ನಾಲ್ಕು ವರ್ಷದ ಮಗಳು ಮತ್ತು ಅತ್ತೆಯವರು ಇದ್ದೇವೆ. ಕೆಲವೇ ತಿಂಗಳಲ್ಲಿ ಎರಡನೆಯ ಮಗು ಬರಲಿದೆ. ಇವರೊಂದಿಗೆ 26 ಕೆ.ಜಿ. ತೂಕದ, ಹೆಗಲಿನವರೆಗೆ ಸುಮಾರು 70 ಸೆಂ.ಮೀ. ಎತ್ತರದ ಮುಧೋಳ ನಾಯಿಯೂ ಇದೆ. ದಿನದ ಓಡಾಟ 35 ಕಿ.ಮೀ. ಮೀರುವುದಿಲ್ಲ, ಆದರೆ ನನ್ನ ತವರು ಪುತ್ತೂರಾದ್ದರಿಂದ ಹಬ್ಬ ಹುಣ್ಣಿಮೆಗೆ ಶಿರಾಡಿ ಘಾಟಿ ಇಳಿದು ಹೋಗಲೇಬೇಕು. ಟಾಟಾ ಕರ್ವ್, ಎಂಜಿ ವಿಂಡ್ಸರ್ ಪ್ರೊ, ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್, ಕಿಯಾ ಕ್ಯಾರೆನ್ಸ್ ಕ್ಲಾವಿಸ್ ಈ ನಾಲ್ಕನ್ನು ನೋಡಿಟ್ಟಿದ್ದೇವೆ. ಹೆಚ್ಚು ದೂರ ಓಡುವುದನ್ನೇ ಆರಿಸಬೇಕೆಂದು ನನ್ನ ಪತಿಯ ವಾದ. ತಮ್ಮ ಸಲಹೆ ಏನು?

ಉತ್ತರ: ನಮಸ್ಕಾರ ಮೇಡಂ. ತಮ್ಮ ಯಜಮಾನರ ವಾದವನ್ನು ಸ್ವಲ್ಪ ಬದಿಗಿಡೋಣ. ನೀವು ಹೆಸರಿಸಿದ ನಾಲ್ಕರಲ್ಲಿಯೂ 50 ಯೂನಿಟ್ ಆಸುಪಾಸಿನ ಅಥವಾ ಅದಕ್ಕಿಂತ ದೊಡ್ಡ ಬ್ಯಾಟರಿಯ ಮಾದರಿ ಸಿಗುತ್ತದೆ. ಅವುಗಳ ನಡುವಿನ ದೂರದ ವ್ಯತ್ಯಾಸ ನಿಮ್ಮ ಬದುಕನ್ನು ಬದಲಿಸುವಷ್ಟಿಲ್ಲ. ನಿಮ್ಮ ಕಾರನ್ನು ತೀರ್ಮಾನಿಸಬೇಕಾದುದು ಹಿಂದಿನ ಸೀಟಿನ ಅಗಲ ಮತ್ತು ಡಿಕ್ಕಿಯ ಆಕಾರ. ನಾಯಿಗೆ ಎಲ್ಲಿ ಜಾಗವೆಂದು ಮೊದಲು ಗೊತ್ತುಮಾಡಿಕೊಂಡರೆ ಉಳಿದವರ ಜಾಗ ತಾನಾಗಿಯೇ ಗೊತ್ತಾಗುತ್ತದೆ.

ಎರಡು ಚೈಲ್ಡ್ ಸೀಟುಗಳು ಹಿಂದಿನ ಸೀಟಿನ ಎರಡು ಬದಿಗಳಲ್ಲಿ ಬರುತ್ತವೆ, ಏಕೆಂದರೆ ಅವನ್ನು ಕಾರಿಗೆ ಬಿಗಿಯುವ ಐಸೋಫಿಕ್ಸ್ ಕೊಂಡಿಗಳು ಸಾಮಾನ್ಯವಾಗಿ ಇರುವುದೇ ಅಲ್ಲಿ. ಒಂದೊಂದು ಚೈಲ್ಡ್ ಸೀಟಿನ ಅಗಲ ಸುಮಾರು 45 ಸೆಂ.ಮೀ. ಎಂದಿಟ್ಟುಕೊಂಡರೆ, 130ರಿಂದ 135 ಸೆಂ.ಮೀ. ಅಗಲದ ಸೀಟಿನಲ್ಲಿ ನಡುವೆ ಉಳಿಯುವುದು 40ರಿಂದ 45 ಸೆಂ.ಮೀ. ಮಾತ್ರ. ಅಲ್ಲಿ ಅತ್ತೆಯವರನ್ನು ಪುತ್ತೂರಿನವರೆಗೆ ಕೂರಿಸುವುದು ಸಲ್ಲದು. ಅವರು ಮುಂದೆ, ನೀವು ಮಕ್ಕಳಿಬ್ಬರ ನಡುವೆ ಎಂಬ ಏರ್ಪಾಡೇ ಗತಿ. ಹಸುಗೂಸಿನ ಸೀಟು ಹಿಮ್ಮುಖವಾಗಿರಬೇಕಾದ್ದರಿಂದ (ಕನಿಷ್ಠ 15 ತಿಂಗಳವರೆಗೆ, ಆಮೇಲೂ ಆದಷ್ಟು ಕಾಲ) ಅದರ ಮುಂದಿರುವ ಸೀಟನ್ನು ಒಂದಿಷ್ಟು ಮುಂದಕ್ಕೆ ಸರಿಸಬೇಕಾಗುತ್ತದೆ. ಆದುದರಿಂದ ಮುಂದೆ ಕೂರುವ ಇಬ್ಬರಲ್ಲಿ ಯಾರು ಗಿಡ್ಡರೋ ಅವರ ಹಿಂದೆ ಹಸುಗೂಸಿನ ಸೀಟು ಹಾಕಿ. ಅದು ಎಡಬದಿಯೇ ಆದರೆ ಇನ್ನೂ ಒಳ್ಳೆಯದು, ರಸ್ತೆಯಂಚಿನ ಕಡೆಯಿಂದಲೇ ಮಗುವನ್ನು ಇಳಿಸಬಹುದು.

ಹೀಗಾದ ಮೇಲೆ ನಾಯಿಗೆ ಉಳಿಯುವುದು ಡಿಕ್ಕಿಯೊಂದೇ. ಇಲ್ಲಿ ಲೀಟರ್ ಲೆಕ್ಕ ನಂಬಿ ಮೋಸಹೋಗಬೇಡಿ. ಕರ್ವ್‌ನ ಡಿಕ್ಕಿ 500 ಲೀಟರ್, ಕ್ರೆಟಾ ಎಲೆಕ್ಟ್ರಿಕ್‌ನದು 433 ಲೀಟರ್. ಕಾಗದದ ಮೇಲೆ ಕರ್ವ್ ಗೆದ್ದಂತೆ ಕಾಣುತ್ತದೆ. ಆದರೆ ಅದರ ಹಿಂಬದಿಯ ಗಾಜು ಇಳಿಜಾರಾಗಿ ಬರುವುದರಿಂದ ಸೂಟ್‌ಕೇಸಿಗೆ ಒದಗುವ ಜಾಗ ಉದ್ದಕಾಲಿನ ಮುಧೋಳಕ್ಕೆ ಒದಗುವುದಿಲ್ಲ. ಅದು ತಲೆಯೆತ್ತಿ ಕೂರುವ ಪ್ರಾಣಿ. ಅದಕ್ಕೆ ಬೇಕಾದುದು ನೆಟ್ಟಗಿನ ಹಿಂಬಾಗಿಲು ಮತ್ತು ಮಟ್ಟಸವಾದ ನೆಲ. ವಿಂಡ್ಸರ್ ಪ್ರೊದ 579 ಲೀಟರಿನ ಡಿಕ್ಕಿ ಈ ದೃಷ್ಟಿಯಿಂದ ವಾಸಿ. ಆದರೆ ಅದರ ಹಿಂದಿನ ಒರಗನ್ನು 135 ಡಿಗ್ರಿಯವರೆಗೆ ಚಾಚಬಹುದೆಂದು ಶೋರೂಮಿನಲ್ಲಿ ಹೆಮ್ಮೆಯಿಂದ ತೋರಿಸುವಾಗ, ಚಾಚಿದಷ್ಟೂ ಡಿಕ್ಕಿಯ ಜಾಗ ಕಡಿಮೆಯಾಗುತ್ತದೆಂಬುದನ್ನು ಗಮನಿಸಿ. ಚೈಲ್ಡ್ ಸೀಟು ಹಾಕಿದ ಮೇಲೆ ಒರಗನ್ನು ಮನಬಂದಂತೆ ಚಾಚುವುದೂ ಸರಿಯಲ್ಲ.

ಏಳು ಸೀಟಿನ ಕ್ಯಾರೆನ್ಸ್ ಕ್ಲಾವಿಸ್‌ನಲ್ಲಿ ಮೂರನೆಯ ಸಾಲನ್ನು ಮಡಚಿದರೆ ಉದ್ದವಾದ, ಸಮತಟ್ಟಾದ ನೆಲ ಸಿಗುತ್ತದೆ. ನಾಯಿಗೂ ಹಿಂಬಾಗಿಲಿಗೂ ನಡುವೆ ಸ್ವಲ್ಪ ಅಂತರ ಉಳಿಯುತ್ತದೆ. ಹಿಂದಿನಿಂದ ಬಂದ ಗಾಡಿ ಗುದ್ದಿದಾಗ ಆ ಅಂತರವೇ ನಾಯಿಯನ್ನು ಕಾಯುವುದು. ನಿಮ್ಮ ಮನೆಗೆ ನನ್ನ ಮೊದಲ ಆಯ್ಕೆ ಇದೇ, ಅದೂ 51.4 ಯೂನಿಟ್ ಬ್ಯಾಟರಿಯದು.

ಯಾವ ಕಾರಾದರೂ ಎರಡನೆಯ ಸಾಲಿನ ಹಿಂದೆ ಗಟ್ಟಿಯಾದ ಕಬ್ಬಿಣದ ಜಾಲರಿ ಹಾಕಿಸಲೇಬೇಕು. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಗಾಡಿ ಅರ್ಧ ಮೀಟರಿನೊಳಗೆ ನಿಂತರೆ ಒಳಗಿರುವ ಪ್ರತಿಯೊಂದು ವಸ್ತುವಿನ ಮೇಲೂ ಅದರ ತೂಕದ ಸುಮಾರು ಇಪ್ಪತ್ತು ಪಟ್ಟು ಬಲ ಬೀಳುತ್ತದೆ. ನಿಮ್ಮ ನಾಯಿಯ ಲೆಕ್ಕದಲ್ಲಿ ಅದು ಐನೂರು ಕೆ.ಜಿ.ಗೂ ಹೆಚ್ಚು. ಆ ಹೊಡೆತ ಬೀಳುವುದು ಮಕ್ಕಳ ತಲೆಯ ಹಿಂಭಾಗಕ್ಕೆ. ಬಟ್ಟೆಯ ಬಲೆ ಇದಕ್ಕೆ ಸಾಲದು.

ಪ್ರಶ್ನೆ: ತುಂಬಾ ಧನ್ಯವಾದಗಳು ಸರ್. ಎರಡು ಅನುಮಾನಗಳಿವೆ. ಪುತ್ತೂರಿಗೆ ಹೋಗಿಬರುವಾಗ ಘಾಟಿಯಲ್ಲಿ ಚಾರ್ಜ್ ಖಾಲಿಯಾದರೆ ಏನು ಗತಿ? ಮತ್ತೊಂದು ಸ್ವಲ್ಪ ಸೂಕ್ಷ್ಮದ ವಿಚಾರ. ಮಗುವನ್ನು ಮಡಿಲಲ್ಲೇ ಇಟ್ಟುಕೊಳ್ಳುತ್ತೇನೆ, ಆ ಕುರ್ಚಿಗೆ ಇಷ್ಟು ದುಡ್ಡು ಏಕೆ ಎಂದು ಅತ್ತೆಯವರು ಕೇಳುತ್ತಿದ್ದಾರೆ.

ಉತ್ತರ: ಮೊದಲನೆಯದು ಲೆಕ್ಕದ ಮಾತು. ಹೆದ್ದಾರಿಯಲ್ಲಿ ಎಸಿ ಹಾಕಿ, ತುಂಬಿದ ಗಾಡಿಯಲ್ಲಿ ಒಂದು ಯೂನಿಟ್‌ಗೆ ಆರೂವರೆ ಕಿ.ಮೀ. ಎಂದು ಹಿಡಿಯಿರಿ. ಕ್ಲಾವಿಸ್‌ಗೆ ಕಂಪನಿ ಹೇಳುವ 490 ಕಿ.ಮೀ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಬಂದ ಅಂಕಿ, ಹೆದ್ದಾರಿಯಲ್ಲಿ ಅಷ್ಟು ಸಿಗದು. ಬೆಂಗಳೂರಿನಿಂದ ಸಕಲೇಶಪುರ ಸುಮಾರು 220 ಕಿ.ಮೀ., ಅಂದರೆ 34 ಯೂನಿಟ್. ಎರಡೂ ಊರುಗಳು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುವುದರಿಂದ ಅಲ್ಲಿಯವರೆಗೆ ಏರಿನ ಖರ್ಚು ವಿಶೇಷವಾಗಿ ಬೀಳುವುದಿಲ್ಲ. ಘಾಟಿ ಇಳಿಯುವಾಗ ಮೋಟರೇ ಬ್ಯಾಟರಿಗೆ ಒಂದಿಷ್ಟನ್ನು ಹಿಂತಿರುಗಿಸುತ್ತದೆ. ಮರಳುವಾಗ ಸುಮಾರು ಎರಡು ಟನ್ ತೂಕವನ್ನು 800 ಮೀಟರ್ ಮೇಲಕ್ಕೆ ಎತ್ತಬೇಕು. ಅದಕ್ಕೆ ತಗಲುವುದು ನಾಲ್ಕೂವರೆಯಿಂದ ಐದು ಯೂನಿಟ್, ಅಂದರೆ ಸಮತಟ್ಟಿನಲ್ಲಿ 30 ಕಿ.ಮೀ. ಓಡುವಷ್ಟು. ಘಾಟಿಯ ಭಯ ಇಷ್ಟೇ. ಹೋಗುವಾಗ ಹಾಸನದಲ್ಲಿ ಊಟದ ಹೊತ್ತಿಗೆ ಚಾರ್ಜ್‌ಗೆ ಹಾಕಿ, ಬರುವ ಮುನ್ನ ತವರಿನಲ್ಲಿ ರಾತ್ರಿಯಿಡೀ 15 ಆಂಪಿಯರ್ ಸಾಕೆಟ್‌ಗೆ ಹಾಕಿಡಿ. ಹೇಗೂ ನಾಲ್ಕು ವರ್ಷದ ಮಗುವೂ ನಾಯಿಯೂ ಇರುವ ಗಾಡಿ ಬ್ಯಾಟರಿ ಮುಗಿಯುವವರೆಗೆ ನಿಲ್ಲದೆ ಓಡಿದ್ದನ್ನು ನಾನಂತೂ ಕಂಡಿಲ್ಲ.

ಘಾಟಿಗೆ ಸಂಬಂಧಿಸಿದ ನಿಜವಾದ ತೊಂದರೆ ವಾಂತಿ. ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ಗಾಡಿ ಜಗ್ಗಿದಂತೆ ನಿಧಾನವಾಗುವ ರೀಜನ್ ವ್ಯವಸ್ಥೆಯನ್ನು ಗರಿಷ್ಠ ಮಟ್ಟದಲ್ಲಿಟ್ಟು ತಿರುವುಗಳಲ್ಲಿ ಓಡಿಸಿದರೆ ಹಿಂದೆ ಕೂತವರಿಗೆಲ್ಲ ಹೊಟ್ಟೆ ತೊಳಸುತ್ತದೆ, ನಾಯಿಗೆ ಎಲ್ಲರಿಗಿಂತ ಮೊದಲು. ಕಡಿಮೆ ಮಟ್ಟಕ್ಕೆ ಇಳಿಸಿಕೊಂಡು, ಕಾಲನ್ನು ನಿಧಾನವಾಗಿ ಎತ್ತುವ ಅಭ್ಯಾಸ ಮಾಡಿಕೊಳ್ಳುವಂತೆ ಯಜಮಾನರಿಗೆ ಹೇಳಿ.

ಅತ್ತೆಯವರ ಮಾತಿನ ಹಿಂದೆ ಇರುವುದು ಅಕ್ಕರೆ, ಅದನ್ನು ಅಲ್ಲಗಳೆಯಬಾರದು. ನಾಯಿಗೆ ಹೇಳಿದ ಅದೇ ಲೆಕ್ಕವನ್ನು ಅವರಿಗೂ ಹೇಳಿ: ಏಳು ಕೆ.ಜಿ.ಯ ಕೂಸು ಆ ಕ್ಷಣದಲ್ಲಿ ನೂರಮೂವತ್ತು ಕೆ.ಜಿ.ಗೂ ಹೆಚ್ಚು ಭಾರವಾಗುತ್ತದೆ, ಎಂಥ ಗಟ್ಟಿ ಕೈಯೂ ಅದನ್ನು ಹಿಡಿಯಲಾರದು. ಅವರು ಮುಂದೆ ಕೂರುವವರಾದ್ದರಿಂದ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದೂ ಮಗುವಿನ ಮೇಲೆಯೇ. ಕಾನೂನು ಬೇಕೆನ್ನುವುದಾದರೆ, ಮೋಟಾರು ವಾಹನ ಕಾಯ್ದೆಯ 194ಬಿ ಕಲಮು 14 ವರ್ಷದೊಳಗಿನವರನ್ನು ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ ಹೇಳುತ್ತದೆ. ಆದರೆ ದಂಡದ ಮಾತಿಗಿಂತ ಭಾರದ ಮಾತು ಹಿರಿಯರಿಗೆ ಬೇಗ ತಾಗುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಮ್ಮದೂ ಅಪಾರ್ಟ್‌ಮೆಂಟ್. ಸಂಘದವರು ಚಾರ್ಜರ್ ಹಾಕಲು ಬಿಡುತ್ತಿಲ್ಲ. ಇದಲ್ಲದೆ, ಅಂಗಡಿಗೆ ಹೋಗುವಾಗ ಎಸಿ ಹಾಕಿಟ್ಟು ನಾಯಿಯನ್ನು ಕಾರಿನಲ್ಲಿಯೇ ಬಿಡಬಹುದೆ?

ಉತ್ತರ: ಮನೆಯ ಹಾಲಿ ಸಂಪರ್ಕದಿಂದಲೇ ಚಾರ್ಜ್ ಮಾಡಿಕೊಳ್ಳಲು ಕೇಂದ್ರ ವಿದ್ಯುತ್ ಸಚಿವಾಲಯದ ಮಾರ್ಗಸೂಚಿ ಅವಕಾಶ ಕೊಟ್ಟಿದೆ, ಅದರ ಪ್ರತಿಯನ್ನು ಲಗತ್ತಿಸಿ ಸಂಘಕ್ಕೆ ಬರಹದಲ್ಲಿ ಮನವಿ ಕೊಡಿ. ನಿಮ್ಮ ಸ್ವಂತ ಮೀಟರಿನಿಂದ ಪ್ರತ್ಯೇಕ ತಂತಿ, ಪ್ರತ್ಯೇಕ ಎಂಸಿಬಿ (ಹೆಚ್ಚು ವಿದ್ಯುತ್ ಹರಿದರೆ ತಾನಾಗಿಯೇ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್ ಇರಲಿ, ಮಂಜೂರಾದ ಲೋಡ್ ಸಾಲದಿದ್ದರೆ ಬೆಸ್ಕಾಂಗೆ ಅರ್ಜಿ ಹಾಕಿ. ದಿನಕ್ಕೆ 35 ಕಿ.ಮೀ. ಓಡುವವರಿಗೆ 15 ಆಂಪಿಯರ್ ಸಾಕೆಟ್‌ನಲ್ಲಿ ಎರಡು ಗಂಟೆಯ ಚಾರ್ಜ್ ಸಾಕು. ದೊಡ್ಡ ಚಾರ್ಜರ್ ಕೇಳಿ ಜಗಳ ಬೆಳೆಸುವುದು ಬೇಡ.

ಎಂಜಿನ್ ಓಡಿಸದೆ ಎಸಿ ನಡೆಯುವುದು ಎಲೆಕ್ಟ್ರಿಕ್ ಕಾರಿನ ದೊಡ್ಡ ಅನುಕೂಲವೇನೋ ಹೌದು. ಆದರೆ ಎಷ್ಟೋ ಕಾರುಗಳಲ್ಲಿ ಬೀಗ ಹಾಕಿದೊಡನೆ ಅಥವಾ ನಿಗದಿತ ಹೊತ್ತಿನ ಬಳಿಕ ಎಸಿ ತಾನಾಗಿಯೇ ನಿಲ್ಲುತ್ತದೆ. ಬಿಸಿಲಲ್ಲಿ ಮುಚ್ಚಿದ ಕಾರಿನ ಒಳಗಿನ ಬಿಸಿ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಏರಬಲ್ಲದು. ಸಾಕುಪ್ರಾಣಿಗೆಂದೇ ಮಾಡಿದ ವ್ಯವಸ್ಥೆ ಕಾರಿನಲ್ಲಿ ಇಲ್ಲವೆಂದಾದರೆ ನಾಯಿಯ ಜೊತೆ ಒಬ್ಬರು ಉಳಿಯಲೇಬೇಕು. ಮಕ್ಕಳ ವಿಷಯದಲ್ಲಿ ಈ ಪ್ರಶ್ನೆಯೇ ಏಳಬಾರದು.

ಮೊದಲ ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. ಕರ್ನಾಟಕ ಸರ್ಕಾರ 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಶೇ 10ರ ಆಜೀವ ತೆರಿಗೆ ತಂದಿತು. ಇಂಥ ನಿಯಮಗಳು ಬದಲಾಗುತ್ತಿರುವುದರಿಂದ ಆನ್‌ರೋಡ್ ದರವನ್ನು ಬರಹದಲ್ಲಿಯೇ ಪಡೆಯಿರಿ. ಟೆಸ್ಟ್ ಡ್ರೈವ್‌ಗೆ ಮಗಳ ಚೈಲ್ಡ್ ಸೀಟನ್ನೂ ನಾಯಿಯನ್ನೂ ಕರೆದೊಯ್ಯಿರಿ, ನಾಯಿಯನ್ನು ಡಿಕ್ಕಿಗೆ ಹತ್ತಿಸಿ ಹಿಂಬಾಗಿಲು ಮುಚ್ಚಿ ನೋಡಿ, ಹಿಂದಿನ ಎಸಿ ಗಾಳಿ ಅಲ್ಲಿಯವರೆಗೆ ತಲುಪುತ್ತದೆಯೇ ಎಂದು ಕೈಯಿಟ್ಟು ಪರೀಕ್ಷಿಸಿ. ಶೋರೂಮಿನವರು ನಾಯಿಯನ್ನು ಹತ್ತಿಸಲು ಒಪ್ಪದಿದ್ದರೆ ಹಳೆಯ ಚಾದರ ಹಾಸುವೆವೆಂದು ಹೇಳಿ. ಅದಕ್ಕೂ ಒಪ್ಪದವರ ಬಳಿ ಬುಕಿಂಗ್ ಮಾಡುವ ಆತುರ ಬೇಡ.